ಸಪ್ಪೆ ಪ್ರಿಂಟಿಗೆ ಒಂದು ತೊಟ್ಟು ಮದ್ದು

ನೀರಿನ ಟ್ರೇಯಲ್ಲಿ ಮಿರಮಿರ ಮಿಂಚುತ್ತಿದ್ದ ಪಲ್ಲಾಡಿಯಂ ಪ್ರಿಂಟು (ಬೆಳ್ಳಿಯ ಬದಲು ಪಲ್ಲಾಡಿಯಂ ಲೋಹದಿಂದ ಕಾಗದದ ಮೇಲೆ ಮೂಡಿಸಿದ ಫೋಟೊ) ಒಣಗಿದ ಮೇಲೆ ಉಪ್ಪಿಲ್ಲದ ಸಾರಿನ ಹಾಗೆ ಕಾಣುತ್ತದೆ. ಕಪ್ಪು ಕಪ್ಪಲ್ಲ, ಬಿಳಿ ಬಿಳಿಯಲ್ಲ. ಕಾಂಟ್ರಾಸ್ಟ್ ಹೆಚ್ಚಿಸಲು ದಾರಿಗಳು ಹಲವಿವೆ. ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಯಾವುದರಿಂದ ಏನಾಯಿತು ಅಂತಲೇ ತಿಳಿಯುವುದಿಲ್ಲ.

ಮೊದಲು ಕಪ್ಪನ್ನು ನೋಡಿ. ಕಾಗದದ ಮೇಲಿಟ್ಟ ಫಿಲ್ಮಿನ ಖಾಲಿ ಅಂಚಿನ ಕೆಳಗಿನ ಕಪ್ಪು, ಫಿಲ್ಮೇ ಇಲ್ಲದ ಜಾಗದ ಕಪ್ಪು ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಅಂಚಿನದು ತೆಳುವಾಗಿದ್ದರೆ ಬೆಳಕು ಸಾಲಲಿಲ್ಲ ಅಂತ ಅರ್ಥ, ಸುಮ್ನೆ ಕಾಂಟ್ರಾಸ್ಟನ್ನು ದೂರಬೇಡಿ. ಎರಡೂ ತೆಳುವಾಗಿದ್ದರೆ ಕಾಗದ ತೀರಾ ಒಣಗಿರಬಹುದು. ಕೋಣೆಯ ತೇವಾಂಶ ಶೇ 50–60ರಷ್ಟಿರಲಿ.

ಬಿಳಿಯೇ ಮಂಕಾಗಿದೆಯೇ? ಕಾಗದಕ್ಕೆ ಬಳಿಯುವ ಫೆರಿಕ್ ಆಕ್ಸಲೇಟ್, ಅಂದರೆ ಬೆಳಕಿಗೆ ಸ್ಪಂದಿಸುವ ಕಬ್ಬಿಣದ ಲವಣ, ಹಳೆಯದಾಗಿರಬಹುದು. ಅದರ ಒಂದು ತೊಟ್ಟಿಗೆ ಪೊಟ್ಯಾಶಿಯಂ ಫೆರಿಸಯನೈಡ್ ದ್ರಾವಣದ ಒಂದು ತೊಟ್ಟು ಸೇರಿಸಿ. ಗಾಢ ನೀಲಿ ಬಂದರೆ ಆ ಬಾಟಲಿಯ ಆಸೆ ಬಿಡಿ.

ಆಮೇಲೆ ನೆಗೆಟಿವ್. ಮಾಮೂಲಿ ಸಿಲ್ವರ್ ಕಾಗದಕ್ಕೆ ನೆಗೆಟಿವ್‌ನ ಅತಿ ಗಾಢ, ಅತಿ ತಿಳಿ ಭಾಗಗಳ ನಡುವಿನ ಡೆನ್ಸಿಟಿ ವ್ಯತ್ಯಾಸ 1.1ರ ಆಸುಪಾಸು ಸಾಕು. ಇಲ್ಲಿ 1.8ರ ಹತ್ತಿರ ಬೇಕು. ಫಿಲ್ಮನ್ನು ಇನ್ನಷ್ಟು ಹೊತ್ತು ಡೆವಲಪ್ ಮಾಡಿ. ಕಂಪ್ಯೂಟರಿನಿಂದ ತೆಗೆದ ಡಿಜಿಟಲ್ ನೆಗೆಟಿವ್ ಆದರೆ ಕರ್ವ್, ಅಂದರೆ ಛಾಯೆಗಳ ಏರಿಳಿತ ತಿದ್ದಿ. ಇಲ್ಲೇ ಸರಿಹೋಗುವುದನ್ನು ರಾಸಾಯನಿಕದಿಂದ ಸರಿಮಾಡಲು ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ. ಪಲ್ಲಾಡಿಯಂ ಏನು ಅಗ್ಗದ ಮಾಲಲ್ಲವಲ್ಲ!

ಎಂದೋ ತೆಗೆದ ತೆಳು ನೆಗೆಟಿವ್ ಇದ್ದರೆ ಮಾತ್ರ ರಾಸಾಯನಿಕ ಬಿಟ್ಟು ಬೇರೆ ದಾರಿಯಿಲ್ಲ. ಬೆಳಕು ಬಿದ್ದಲ್ಲಿ ಫೆರಿಕ್ ಕಬ್ಬಿಣ ಫೆರಸ್ ಆಗುತ್ತದೆ. ಡೆವಲಪರ್ ತಾಗಿದಾಗ ಆ ಫೆರಸ್, ಲೋಹದ ಲವಣವನ್ನು ಕಪ್ಪು ಲೋಹವಾಗಿಸುತ್ತದೆ. ಮಿಶ್ರಣದಲ್ಲಿ ಒಂದಿಷ್ಟು ಆಕ್ಸಿಡೈಸರ್ (ಫೆರಸ್ಸನ್ನು ಮತ್ತೆ ಫೆರಿಕ್ ಮಾಡುವ ವಸ್ತು) ಇದ್ದರೆ, ಅಲ್ಪಸ್ವಲ್ಪ ಬೆಳಕು ಬಿದ್ದ ಕಡೆಯ ಫೆರಸ್ಸನ್ನು ಅದು ತಿಂದುಹಾಕುತ್ತದೆ. ಜಾಸ್ತಿ ಬೆಳಕು ಬಿದ್ದಲ್ಲಿ ಅದರ ಆಟ ನಡೆಯುವುದಿಲ್ಲ. ಹಾಗಾಗಿ ಬಿಳಿ ತಿಳಿಯಾಗುತ್ತದೆ, ಕಪ್ಪು ಹಾಗೇ ಉಳಿಯುತ್ತದೆ.

ಬರೀ ಪಲ್ಲಾಡಿಯಂ ಬಳಸುವವರಿಗೆ ಸೋಡಿಯಂ ಕ್ಲೋರೋಪ್ಲಾಟಿನೇಟ್ ಎಂಬ ಆಕ್ಸಿಡೈಸರ್ ಒಳ್ಳೆಯದು. ಪ್ರಿಂಟ್ ಮಾಡುವವರ ಬಾಯಲ್ಲಿ ಇದು ‘ಎನ್‌ಎ2’. 4×5 ಇಂಚಿನ ಚಿತ್ರಕ್ಕೆ ಫೆರಿಕ್ ಆಕ್ಸಲೇಟ್ 6 ತೊಟ್ಟು, ಪಲ್ಲಾಡಿಯಂ 6 ತೊಟ್ಟು ಪುಟ್ಟ ಲೋಟಕ್ಕೆ ಬಿಡಿ. ಮೇಲೆ ಎನ್‌ಎ2 ಒಂದೇ ತೊಟ್ಟು. ಕಾಂಟ್ರಾಸ್ಟ್ ಇನ್ನೂ ಬೇಕೆಂದರೆ ತೊಟ್ಟು ಹೆಚ್ಚಿಸುವ ಬದಲು ದ್ರಾವಣವನ್ನೇ ಗಟ್ಟಿ ಮಾಡಿಕೊಳ್ಳಿ: ಶೇ 2.5, 5, 10, 20 ಹೀಗೆ ನಾಲ್ಕು ಬಾಟಲಿ. 2.5ರಿಂದಲೇ ಶುರುಮಾಡಿ. ಗಟ್ಟಿಯಾದಷ್ಟೂ ಎಕ್ಸ್‌ಪೋಷರ್ ಹೆಚ್ಚು ಬೇಕು, ಮತ್ತೆ ಪರೀಕ್ಷಾ ಪಟ್ಟಿ (ಬೇರೆ ಬೇರೆ ಹೊತ್ತು ಬೆಳಕು ಕೊಟ್ಟ ಕಾಗದದ ತುಂಡು) ಮಾಡಿ ನೋಡಿ. ಒಮ್ಮೆ ಡ್ರಾಪರ್ ಅದಲುಬದಲಾಗಿ ನನ್ನ ಇಡೀ ಪಲ್ಲಾಡಿಯಂ ಬಾಟಲಿ ಕೆಟ್ಟಿತು. ಅಂದಿನಿಂದ ಬಾಟಲಿಗೂ ಡ್ರಾಪರ್‌ಗೂ ಒಂದೇ ಬಣ್ಣದ ಟೇಪ್ ಸುತ್ತಿಡುತ್ತೇನೆ.

ಪ್ಲಾಟಿನಂ ಬೆರೆಸುವವರಿಗೆ ಈ ಮದ್ದು ನಾಟುವುದಿಲ್ಲ. ಅವರಿಗೆ ಹಳೆಯ ಪೊಟ್ಯಾಶಿಯಂ ಕ್ಲೋರೇಟ್ ಪದ್ಧತಿಯೇ ಗತಿ. ಫೆರಿಕ್ ಆಕ್ಸಲೇಟನ್ನು ಎರಡು ಬಾಟಲಿಯಲ್ಲಿ ಇಡುತ್ತಾರೆ. ಒಂದರಲ್ಲಿ ಕ್ಲೋರೇಟ್ ಇಲ್ಲ, ಇನ್ನೊಂದರಲ್ಲಿ ಚೂರು ಇದೆ. 8×10 ಇಂಚಿಗೆ ಲೋಹದ ದ್ರಾವಣ 24 ತೊಟ್ಟು, ಎರಡೂ ಫೆರಿಕ್ ಸೇರಿ 22. ಸಾಧಾರಣ ನೆಗೆಟಿವ್‌ಗೆ ಕ್ಲೋರೇಟ್ ಇಲ್ಲದ್ದು 14, ಇರುವುದು 8. ತೆಳು ನೆಗೆಟಿವ್‌ಗೆ 10 ಮತ್ತು 12. ಇನ್ನೂ ಏರಿಸುತ್ತಾ ಹೋದರೆ ತಿಳಿ ಭಾಗಗಳಲ್ಲಿ ರವೆ ಚೆಲ್ಲಿದಂತೆ ಕಾಳುಕಾಳು ಕಾಣುತ್ತದೆ. ನನಗಂತೂ ಅದು ಹಿಡಿಸದು.

ಡೆವಲಪರ್‌ಗೆ ಡೈಕ್ರೋಮೇಟ್ ಹಾಕುವ ಉಪಾಯವೂ ಇದೆ. ಕೆಲಸವೇನೋ ಮಾಡುತ್ತದೆ, ಆದರೆ ಅದು ಕ್ಯಾನ್ಸರ್ ತರುವ ವಸ್ತು. ಮಕ್ಕಳು ಓಡಾಡುವ ಮನೆಯಲ್ಲಿ, ಬಚ್ಚಲಲ್ಲೇ ಪ್ರಿಂಟ್ ಮಾಡುವವರಿಗೆ ಅದರ ಸಹವಾಸ ಬೇಡ. ಬಿಸಿ ಡೆವಲಪರ್ ಬಳಸುತ್ತಿದ್ದರೆ ತಣ್ಣಗಿರುವಾಗ ಹಾಕಿ ನೋಡಿ. ಅಷ್ಟಕ್ಕೇ ಕಾಂಟ್ರಾಸ್ಟ್ ತುಸು ಏರುತ್ತದೆ, ಬಣ್ಣದ ಕಂದು ಛಾಯೆಯೂ ಇಳಿಯುತ್ತದೆ.

ತೊಟ್ಟುಗಳ ಲೆಕ್ಕ, ಎನ್‌ಎ2 ಎಷ್ಟು ಗಟ್ಟಿ, ಎಷ್ಟು ನಿಮಿಷ ಬೆಳಕು ಇವನ್ನೆಲ್ಲ ಕಾಗದದ ಹಿಂಬದಿಗೆ ಪೆನ್ಸಿಲ್‌ನಲ್ಲಿ ಬರೆದಿಡಿ. ಪೆನ್ನು ಬೇಡ, ತೊಳೆಯುವಾಗ ಶಾಯಿ ಹರಡುತ್ತದೆ.