ಮನೆ ನೆನಪು ಕಾಡೋರು ದಿಂಬಿನ ಕವರ್ ತಗೊಂಡು ಹೋಗಿ

ಟ್ರಿಪ್‌ಗೆ ಹೊರಡೋವಾಗ ನೀವು ದಿನಾ ಮಲಗೋ ದಿಂಬಿನ ಕವರ್‌ನ ಒಗೀದೆ ಹಾಗೇ ಮಡಚಿ ಬ್ಯಾಗಿಗೆ ಹಾಕ್ಕೊಳಿ (ಒಗೆದಿದ್ದು ಬೇಡ, ಎರಡ್ಮೂರು ರಾತ್ರಿ ಮಲಗಿರೋದೇ ಬೇಕು, ಯಾರೂ ನೋಡಲ್ಲ ಬಿಡಿ), ಅಲ್ಲಿ ರೂಮಿನ ದಿಂಬಿಗೆ ಅದನ್ನೇ ಹಾಕಿ ಮಲಗಿ. ಹಗಲು ಓಡಾಟದಲ್ಲಿ ಏನೂ ಗೊತ್ತಾಗಲ್ಲ, ಲೈಟ್ ಆರಿಸಿದ ಮೇಲೇ ಸಂಕಟ ಶುರು, ಕತ್ತಲಲ್ಲಿ ಇದು ನಮ್ಮನೆ ಅಲ್ಲ ಅಂತ ಮೊದ್ಲು ಚಾಡಿ ಹೇಳೋದು ಮೂಗು, ಯಾವ್ದೋ ಸೋಪಿನ ವಾಸನೆ ಹೊಡೆಯೋ ಗರಿಗರಿ ಕವರ್ ಕೆನ್ನೆಗೆ ತಾಗಿದ್ರೆ ಸಾಕು. ಉಳಿದ ಇಂದ್ರಿಯಗಳ ಸುದ್ದಿ ಮೆದುಳಿನ ನಡುವೆ ಇರೋ ಥಲಾಮಸ್ ಅನ್ನೋ ಭಾಗದ ಮೂಲಕ ಹೋದ್ರೆ ವಾಸನೆದು ನೇರವಾಗಿ ಭಾವನೆ ನೋಡ್ಕೊಳೋ ಅಮಿಗ್ಡಲಾ ಕಡೆಗೇ ಹೋಗುತ್ತೆ, ನೆನಪಿನ ಜಾಗವೂ ಅಲ್ಲೇ ಪಕ್ಕದಲ್ಲಿ, ಅದಕ್ಕೇ ಪರಿಚಿತ ವಾಸನೆ ಬಂದ್ರೆ ಮನಸ್ಸು ಬೇಗ ಸಡಿಲ ಆಗುತ್ತೆ. ಬೆಳಿಗ್ಗೆ ಎದ್ದ ತಕ್ಷಣ ಜಿಪ್ ಕವರ್‌ಗೆ ಹಾಕಿ ಮುಚ್ಚಿಡಿ, ಇಲ್ಲಾಂದ್ರೆ ಬೇಗ ರೂಮಿನ ವಾಸನೆನೇ ಹಿಡ್ಕೊಳುತ್ತೆ. ತಿಂಗಳುಗಟ್ಟಲೆ ಇರೋರಿಗೆ ಇದು ಆಗಲ್ಲ, ಮೊದಲ ಕೆಲವು ರಾತ್ರಿಗಷ್ಟೇ. ಇನ್ನು ಕೆಲವರಿಗೆ ಆ ವಾಸನೆಗೇ ಅಳು ಜಾಸ್ತಿ ಬರುತ್ತೆ, ಹಾಗಾದ್ರೆ ಹಟ ಮಾಡ್ಬೇಡಿ, ತೆಗೆದು ಬ್ಯಾಗಿನ ತಳಕ್ಕೆ ಹಾಕ್ಬಿಡಿ.