ಟೋಟಲ್ ಲಾಸ್ ಆಗಿ ರಿಪೇರಿಯಾದ ಕಾರು: ಮುಂಗಡ ಕೊಡುವ ಮುಂಚೆ ನೋಡಬೇಕಾದ್ದು

ಮಾರುಕಟ್ಟೆ ದರಕ್ಕಿಂತ ಒಂದೂವರೆ ಎರಡು ಲಕ್ಷ ಕಡಿಮೆಗೆ ಒಂದು ಕಾರು ಸಿಗುತ್ತದೆ. ಬಣ್ಣ ಹೊಳೆಯುತ್ತಿದೆ, ಓಡಿದ ಕಿಲೋಮೀಟರೂ ಕಡಿಮೆ. ಒತ್ತಿ ಕೇಳಿದರೆ, "ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಮಾಡಿದ್ರು ಸಾರ್, ಈಗ ಎಲ್ಲಾ ರೆಡಿ ಮಾಡಿಸಿದೀವಿ" ಎನ್ನುತ್ತಾರೆ. ಆ ಮಾತು ಕೇಳಿದ ಕೂಡಲೇ ಎದ್ದು ಬರುವವರಿದ್ದಾರೆ, ಬೆಲೆಗೆ ಮಾರುಹೋಗಿ ಮುಂಗಡ ಕೊಡುವವರೂ ಇದ್ದಾರೆ. ಪೆಟ್ಟು ಬಿದ್ದದ್ದು ಎಲ್ಲಿಗೆ, ಅದನ್ನು ಸರಿಮಾಡಿದ್ದು ಹೇಗೆ ಎಂದು ಇಬ್ಬರೂ ಕೇಳುವುದಿಲ್ಲ. ಕೊಳ್ಳಬೇಕೋ ಬೇಡವೋ ಎಂಬುದು ನಿಂತಿರುವುದೇ ಆ ಉತ್ತರದ ಮೇಲೆ.

ಟೋಟಲ್ ಲಾಸ್ ಅಂದರೆ ಏನು

ಇದೊಂದು ಲೆಕ್ಕ ಅಷ್ಟೆ. ನಮ್ಮ ದೇಶದ ಮೋಟಾರು ಪಾಲಿಸಿಗಳಲ್ಲಿ ಗಾಡಿಗೆ ಒಂದು ಐಡಿವಿ, ಅಂದರೆ ಘೋಷಿತ ಮೌಲ್ಯ ಇರುತ್ತದೆ. ರಿಪೇರಿ ಖರ್ಚು ಆ ಐಡಿವಿಯ 75 ಶೇಕಡಾ ದಾಟಿದರೆ ವಿಮಾ ಕಂಪನಿ ಗಾಡಿಯನ್ನು ಟೋಟಲ್ ಲಾಸ್, ಅಂದರೆ ಪೂರ್ತಿ ನಷ್ಟ ಎಂದು ಇತ್ಯರ್ಥ ಮಾಡುತ್ತದೆ. ಐಡಿವಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ: ಒಂದರಿಂದ ಎರಡು ವರ್ಷದ ಗಾಡಿಗೆ 20 ಶೇಕಡಾ ಕಡಿತ, ನಾಲ್ಕರಿಂದ ಐದು ವರ್ಷದ್ದಕ್ಕೆ 50 ಶೇಕಡಾ.

10 ಲಕ್ಷದ ಕಾರು ಎಂದುಕೊಳ್ಳಿ. ಐದನೇ ವರ್ಷದಲ್ಲಿ ಅದರ ಐಡಿವಿ 5 ಲಕ್ಷ, ಟೋಟಲ್ ಲಾಸ್ ಗೆರೆ 3.75 ಲಕ್ಷ. ಮುಂಭಾಗಕ್ಕೆ ಒಂದು ಗಟ್ಟಿ ಪೆಟ್ಟು ಬಿದ್ದು ಬಾನೆಟ್, ಎರಡು ಹೆಡ್‌ಲೈಟ್, ರೇಡಿಯೇಟರ್, ಎಸಿ ಕಂಡೆನ್ಸರ್ ಹೋಗಿ, ಎರಡು ಏರ್‌ಬ್ಯಾಗ್ ಒಡೆದು ಡ್ಯಾಶ್‌ಬೋರ್ಡ್ ಸೀಳಿದರೆ, ಎಲ್ಲವನ್ನೂ ಹೊಸದು ಹಾಕುವ ಕಂಪನಿ ಸರ್ವಿಸ್ ಸೆಂಟರಿನ ಎಸ್ಟಿಮೇಟ್ ಆ ಗೆರೆ ದಾಟುವುದು ಕಷ್ಟವಲ್ಲ. ಅದೇ ಪೆಟ್ಟು ಒಂದೂವರೆ ವರ್ಷದ ಕಾರಿಗೆ ಬಿದ್ದರೆ ಐಡಿವಿ 8 ಲಕ್ಷ, ಗೆರೆ 6 ಲಕ್ಷ. ಅದು ರಿಪೇರಿಯಾಗಿ ಯಾವ ಹಣೆಪಟ್ಟಿಯೂ ಇಲ್ಲದೆ ಮಾರುಕಟ್ಟೆಗೆ ಬರುತ್ತದೆ. ಹೀಗಾಗಿ ಟೋಟಲ್ ಲಾಸ್ ಆದ ಗಾಡಿಯಲ್ಲಿ ಒಳ್ಳೆಯದೂ ಇರಬಹುದು, ಆಗದ ಗಾಡಿಯಲ್ಲಿ ಅಪಾಯವೂ ಅಡಗಿರಬಹುದು. ಮುಂದೆ ಹೇಳುವ ಪರೀಕ್ಷೆಗಳನ್ನು ಯಾವ ಸೆಕೆಂಡ್ ಹ್ಯಾಂಡ್ ಕಾರಿಗೂ ಮಾಡಿಸುವುದು ಒಳ್ಳೆಯದು.

ಮೊದಲು ಕಾಗದ, ಆಮೇಲೆ ಗಾಡಿ

ಇಲ್ಲಿ ಆರ್‌ಸಿಯ (ನೋಂದಣಿ ಪತ್ರದ) ಮೇಲೆ ಟೋಟಲ್ ಲಾಸ್ ಎಂಬ ಮುದ್ರೆ ಬೀಳುವುದಿಲ್ಲ. ಹಾಗಾಗಿ ಸುಳಿವನ್ನು ಬೇರೆ ಕಡೆ ಹುಡುಕಬೇಕು.

ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ. ಆರ್‌ಸಿ ಚಾಲ್ತಿಯಲ್ಲಿದೆಯೇ, ಹೈಪಾತಿಕೇಷನ್ (ಸಾಲಕ್ಕೆ ಗಾಡಿ ಅಡವಿಟ್ಟ ನಮೂದು) ಇದೆಯೇ, ಎಷ್ಟನೇ ಮಾಲೀಕರು, ವಿಮೆ ಯಾವಾಗ ಮುಗಿದಿತ್ತು ಎಂಬುದೆಲ್ಲ ಕಾಣುತ್ತದೆ. ಆರ್‌ಸಿ ರದ್ದಾಗಿದೆ ಎಂದಿದ್ದರೆ ಮಾತುಕತೆಯನ್ನೇ ಮುಂದುವರಿಸಬೇಡಿ. ಟೋಟಲ್ ಲಾಸ್ ಇತ್ಯರ್ಥ ಎರಡು ಬಗೆಯಲ್ಲಿ ಆಗುತ್ತದೆ: ಆರ್‌ಸಿ ಉಳಿಸಿಕೊಂಡು ಒಂದು, ಆರ್‌ಸಿ ರದ್ದುಮಾಡಿ ಇನ್ನೊಂದು. ಎರಡನೆಯದರಲ್ಲಿ ಮಾರಾಟವಾಗುವುದು ಬಿಡಿಭಾಗಕ್ಕಾಗಿ ಮಾತ್ರ. ಅಂಥದ್ದು ರಸ್ತೆಗೆ ಬಂದಿದೆ ಎಂದರೆ ಎಲ್ಲೋ ವಂಚನೆ ನಡೆದಿದೆ.

ಇನ್ನೂ ಕೆಟ್ಟ ವಂಚನೆಯೊಂದಿದೆ. ಜಜ್ಜಿಹೋದ ಗಾಡಿಯ ಆರ್‌ಸಿ ಮಾತ್ರ ಕೊಂಡು, ಅದೇ ಮಾಡೆಲಿನ, ಅದೇ ಬಣ್ಣದ ಕದ್ದ ಕಾರಿಗೆ ಆ ಚಾಸಿ ನಂಬರ್ ಹೊಡೆಯುತ್ತಾರೆ. ಹದಿನೇಳು ಅಕ್ಷರದ ಚಾಸಿ ನಂಬರನ್ನು ಬೆರಳಿನಿಂದ ಸವರಿ ನೋಡಿ. ಸುತ್ತ ಗ್ರೈಂಡ್ ಮಾಡಿದ ಗುರುತು, ಅಕ್ಷರಗಳ ಸಾಲು ಅಥವಾ ಆಳದಲ್ಲಿ ವ್ಯತ್ಯಾಸ, ಆ ತಗಡನ್ನೇ ಕತ್ತರಿಸಿ ಬೆಸುಗೆ ಹಾಕಿದ ಅಂಚು ಕಂಡರೆ ಅಲ್ಲಿಗೆ ಬಿಟ್ಟುಬಿಡಿ. ಎಂಜಿನ್ ನಂಬರನ್ನೂ ಆರ್‌ಸಿಯೊಂದಿಗೆ ತಾಳೆ ನೋಡಿ. ನೀರು ನುಗ್ಗಿ ಹಾಳಾದ ಎಂಜಿನ್ ತೆಗೆದು ಗುಜರಿಯಿಂದ ತಂದದ್ದನ್ನು ಕೂರಿಸಿ, ಆರ್‌ಟಿಒದಲ್ಲಿ ನಮೂದು ಮಾಡಿಸದೆ ಮಾರುವುದುಂಟು. ಮುಂದೆ ಕ್ಲೇಮ್ ಬಂದಾಗ ತಕರಾರು ಏಳುವುದು ನಿಮ್ಮ ಹೆಸರಿನಲ್ಲಿ.

ಹಳೆಯ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಸಾಲನ್ನು ಓದಿ. ಕ್ಲೇಮ್ ಇಲ್ಲದೆ ವರ್ಷ ಕಳೆದಂತೆ ಅದು 20, 25, 35, 45, 50 ಶೇಕಡಾ ಎಂದು ಏರುತ್ತದೆ. ಒಬ್ಬನೇ ಮಾಲೀಕನ ಕೈಯಲ್ಲಿ ಐದು ವರ್ಷ ಇದ್ದ ಗಾಡಿಗೆ ಬೋನಸ್ ಸೊನ್ನೆ ಎಂದಿದ್ದರೆ ಕ್ಲೇಮ್ ಆಗಿರುವ ಸಾಧ್ಯತೆ ಹೆಚ್ಚು. ಮಾಲೀಕರು ಬದಲಾಗಿದ್ದರೆ ಈ ಸುಳಿವು ಕೆಲಸಕ್ಕೆ ಬರದು, ಏಕೆಂದರೆ ಬೋನಸ್ ಹೋಗುವುದು ಮಾಲೀಕನ ಜೊತೆ, ಗಾಡಿಯ ಜೊತೆಯಲ್ಲ.

ಮಾರುವವರಿಂದ ಕೇಳಬೇಕಾದ್ದು ಮೂರು: ವಿಮೆಯ ಪರವಾಗಿ ನಷ್ಟ ಅಳೆದ ಸರ್ವೇಯರ್ ವರದಿ ಅಥವಾ ಕಂಪನಿ ಸರ್ವಿಸ್ ಸೆಂಟರಿನ ಎಸ್ಟಿಮೇಟ್, ಅಪಘಾತವಾದ ಸ್ಥಿತಿಯ ಫೋಟೋಗಳು, ರಿಪೇರಿಗೆ ಕೊಂಡ ಭಾಗಗಳ ಬಿಲ್. ಟೋಟಲ್ ಲಾಸ್ ಗಾಡಿಗಳ ಹರಾಜಿನಲ್ಲಿ ಗಾಡಿ ಕೊಂಡವರ ಬಳಿ ಫೋಟೋಗಳು ಇರಲೇಬೇಕು, ಅದನ್ನು ನೋಡಿಯೇ ಅವರು ಬಿಡ್ ಕೂಗಿರುತ್ತಾರೆ. "ಯಾವುದೂ ಇಲ್ಲ" ಎನ್ನುವವರ ಬಳಿ ಕೊಳ್ಳಬೇಡಿ ಎಂಬುದು ನಮ್ಮ ಸ್ಪಷ್ಟ ಮಾತು. ಎಸ್ಟಿಮೇಟ್ ಪಟ್ಟಿ ಕೈಯಲ್ಲಿ ಹಿಡಿದು ಒಂದೊಂದು ಭಾಗವನ್ನೂ ಗಾಡಿಯ ಮೇಲೆ ಹುಡುಕುವುದಕ್ಕಿಂತ ಒಳ್ಳೆಯ ತಪಾಸಣೆ ಬೇರೆ ಇಲ್ಲ.

ಯಾವ ಪೆಟ್ಟು ಆದೀತು, ಯಾವುದು ಆಗದು

ಬೋಲ್ಟ್ ಬಿಚ್ಚಿ ಬದಲಿಸುವ ಭಾಗಗಳಿಗೆ ಬಿದ್ದ ಪೆಟ್ಟು ಚಿಂತೆಯದಲ್ಲ. ಬಾಗಿಲು, ಬಾನೆಟ್, ಮುಂದಿನ ಫೆಂಡರ್, ಬಂಪರ್, ಲೈಟು, ರೇಡಿಯೇಟರ್ ಈ ಸಾಲಿಗೆ ಸೇರುತ್ತವೆ. ಆಲಿಕಲ್ಲು ಮಳೆಗೆ ಮೈಯೆಲ್ಲ ತಗ್ಗುಬಿದ್ದು ಟೋಟಲ್ ಲಾಸ್ ಆದ ಹಳೆ ಕಾರು ಸಿಕ್ಕರೆ ಅದು ಲಾಭದ ಕೊಳ್ಳುವಿಕೆಯೇ.

ಪಿಲ್ಲರ್, ಛಾವಣಿ, ಬಾಗಿಲ ಕೆಳಗಿನ ಸಿಲ್, ಎಂಜಿನ್ ಹೊತ್ತಿರುವ ಎರಡು ಉದ್ದ ಚಾಸಿ ಲೆಗ್‌ಗಳು, ಸಸ್ಪೆನ್ಷನ್ ಸ್ಟ್ರಟ್ ಕೂರುವ ಏಪ್ರನ್: ಇವುಗಳ ಮಾತು ಬೇರೆ. ಡಿಕ್ಕಿಯಾದಾಗ ಮುಂಭಾಗ ಮಡಚಿಕೊಂಡು, ಒಳಗೆ ಕುಳಿತವರ ಜಾಗ ಮಡಚದಂತೆ ಉಳಿಯಲೆಂದು ಕಾರಿನ ಮೈಯನ್ನು ರೂಪಿಸಿರುತ್ತಾರೆ. ಹೊಸ ಕಾರುಗಳ ನಡುವಿನ ಪಿಲ್ಲರ್‌ನಲ್ಲಿರುವ ಅತಿಗಟ್ಟಿ ಉಕ್ಕು ಕಾರ್ಖಾನೆಯ ಶಾಖ ಸಂಸ್ಕಾರದಿಂದ ಗಟ್ಟಿತನ ಪಡೆದದ್ದು. ಟಿಂಕರಿಂಗ್ ಅಂಗಡಿಯಲ್ಲಿ ಗ್ಯಾಸ್ ಉರಿ ಹಿಡಿದು ನೆಟ್ಟಗೆ ಮಾಡಿದರೆ ಆಕಾರ ಮರಳುತ್ತದೆ, ಬಲ ಮರಳುವುದಿಲ್ಲ. ನೋಡಲು ಒಂದಿಷ್ಟೂ ವ್ಯತ್ಯಾಸ ಕಾಣದು. ಪಲ್ಟಿಯಾದ ಗಾಡಿ, ಪಿಲ್ಲರ್ ಕತ್ತರಿಸಿ ಜೋಡಿಸಿದ ಗಾಡಿ, ಎರಡು ಗಾಡಿಯ ಅರ್ಧರ್ಧ ಸೇರಿಸಿದ ಗಾಡಿ, ಬೆಂಕಿ ಹತ್ತಿದ ಗಾಡಿ ಎಷ್ಟು ಕಡಿಮೆಗೆ ಸಿಕ್ಕರೂ ಬೇಡ.

ನೋಡುವ ಬಗೆ ಹೀಗೆ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಒಳಗಿನ ಅಂಚು ಬಿಡಿಸಿ. ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್ ಅಲ್ಲಿ ಸಮ ಅಂತರದ ಸಣ್ಣ ದುಂಡು ತಗ್ಗುಗಳಾಗಿ ಕಾಣುತ್ತದೆ. ಎಡ ಬಲ ಎರಡೂ ಕಡೆ ಹೋಲಿಸಿ. ಒಂದು ಕಡೆ ತಗ್ಗಿನ ಬದಲು ಉಬ್ಬಿದ ಬೆಸುಗೆ, ಗ್ರೈಂಡರ್ ಗೀರು, ಹೊಸ ಸೀಲಂಟ್ ಇದ್ದರೆ ಅಲ್ಲಿ ಕತ್ತರಿಸಿದ್ದಾರೆ. ಬಾನೆಟ್ ತೆರೆದು ಏಪ್ರನ್ ಅಂಚುಗಳಲ್ಲೂ, ಹಿಂದಿನ ಡಿಕ್ಕಿಯ (ಬೂಟಿನ) ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿಯಲ್ಲೂ ಇದನ್ನೇ ಮಾಡಿ. ಹಿಂದಿನಿಂದ ಪೆಟ್ಟು ಬಿದ್ದ ಕಾರಿನಲ್ಲಿ ಸ್ಟೆಪ್ನಿ ಗುಂಡಿಯ ತಗಡು ಸುಕ್ಕಾಗಿರುತ್ತದೆ. ಬಾಗಿಲು, ಬಾನೆಟ್ ಹಿಂಜ್ ಬೋಲ್ಟ್‌ಗಳ ಮೇಲಿನ ಬಣ್ಣ ಕಿತ್ತಿದ್ದರೆ ಅವು ಒಮ್ಮೆ ಬಿಚ್ಚಿಕೊಂಡಿವೆ.

ಪೇಂಟ್ ದಪ್ಪ ಅಳೆಯುವ ಮೀಟರ್ ಇರುವ ಮೆಕ್ಯಾನಿಕ್ ಸಿಕ್ಕರೆ ಕೆಲಸ ಹಗುರ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. 200 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ, 500 ದಾಟಿದರೆ ಕೆಳಗೆ ಪುಟ್ಟಿ ಇದೆ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಸಾಮಾನ್ಯ ಮೀಟರ್ ಅಲ್ಲಿ ಓದುವುದಿಲ್ಲ. ಬಾಗಿಲ ಮೇಲೆ 600 ಬಂದರೆ ಬೆಲೆ ಇಳಿಸಲು ಕೇಳಿ, ಪಿಲ್ಲರ್ ಮೇಲೆ 600 ಬಂದರೆ ಮನೆಗೆ ಹೊರಡಿ.

ಗಾಜುಗಳ ಮೂಲೆಯ ಮುದ್ರೆಯನ್ನೂ ನೋಡಿ. ಎಲ್ಲ ಗಾಜಿನ ಮೇಲೂ ಸಾಮಾನ್ಯವಾಗಿ ಒಂದೇ ತಯಾರಕರ ಹೆಸರು, ಹತ್ತಿರದ ತಯಾರಿಕಾ ಗುರುತು ಇರುತ್ತದೆ. ಮುಂಗಾಜು ಬದಲಾಗಿರುವುದು ಸಾಮಾನ್ಯ, ಹೆದ್ದಾರಿಯಲ್ಲಿ ಕಲ್ಲು ಸಿಡಿದರೂ ಸಾಕು. ಒಂದೇ ಬದಿಯ ಎರಡು ಬಾಗಿಲಿನ ಗಾಜು ಬದಲಾಗಿದ್ದರೆ ಆ ಬದಿಗೆ ಹೊಡೆತ ಬಿದ್ದಿದೆ.

ಕೊನೆಗೆ ವೀಲ್ ಅಲೈನ್‌ಮೆಂಟ್ ಅಂಗಡಿಗೆ ಒಯ್ದು ಕಂಪ್ಯೂಟರ್ ಪ್ರಿಂಟ್ ತೆಗೆಸಿ, ಕೆಲವು ನೂರು ರೂಪಾಯಿಯ ಕೆಲಸ. ಬಹುತೇಕ ಸಣ್ಣ ಕಾರುಗಳಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಮಾತ್ರ ಹೊಂದಿಸಬಹುದು, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷ ಹಿಂದೆ ಮುಂದೆ ವಾಲಿರುವ ಕೋನ) ಹೊಂದಿಸಲು ಬರುವುದಿಲ್ಲ. ಎಡ ಬಲದ ಕ್ಯಾಸ್ಟರ್ ನಡುವೆ ಒಂದು ಡಿಗ್ರಿಯಷ್ಟು ವ್ಯತ್ಯಾಸ ಬಂದರೆ ಸಬ್‌ಫ್ರೇಮ್ (ಸಸ್ಪೆನ್ಷನ್ ಕೂರುವ ಕೆಳಚೌಕಟ್ಟು) ಅಥವಾ ಏಪ್ರನ್ ಇನ್ನೂ ಸೊಟ್ಟಗಿದೆ ಎಂದು ಅನುಮಾನಿಸಿ.

ಏರ್‌ಬ್ಯಾಗ್: ಜೀವದ ವಿಷಯ

ಈ ವ್ಯಾಪಾರದಲ್ಲಿ ಅತಿ ದೊಡ್ಡ ಮೋಸ ನಡೆಯುವುದು ಇಲ್ಲೇ. ಒಡೆದ ಏರ್‌ಬ್ಯಾಗ್‌ಗಳನ್ನು ಹೊಸದಾಗಿ ಹಾಕಲು, ಜೊತೆಗೆ ಡ್ಯಾಶ್‌ಬೋರ್ಡ್, ಸೆನ್ಸರ್, ಬೆಲ್ಟ್ ಬದಲಿಸಲು ಲಕ್ಷ ದಾಟಬಹುದು. ಕವರ್ ಮಾತ್ರ ಅಂಟಿಸಿ, ಒಳಗೆ ಖಾಲಿ ಬಿಟ್ಟರೆ ಆ ಹಣವೆಲ್ಲ ಉಳಿತಾಯ.

ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡಿನ ನಂತರ ತಾನೇ ಆರಬೇಕು. ಹೊತ್ತಲೇ ಇಲ್ಲವೆಂದರೆ ದೀಪವನ್ನೇ ಕೊಂದಿದ್ದಾರೆ. ಎಂಜಿನ್ ಶುರುವಾದ ಕ್ಷಣದಲ್ಲೇ ಆಯಿಲ್ ದೀಪದ ಜೊತೆ ಜೊತೆಗೇ ಆರಿದರೆ ಎರಡರ ತಂತಿ ಸೇರಿಸಿರುವ ಅನುಮಾನ ಪಡಿ. ದೀಪ ಸರಿಯಾಗಿ ಹೊತ್ತಿ ಆರಿದರೂ ನಂಬಬೇಡಿ: ಏರ್‌ಬ್ಯಾಗ್ ಜಾಗದಲ್ಲಿ ಎರಡು ಮೂರು ಓಮ್‌ನ ರೆಸಿಸ್ಟರ್ ಇಟ್ಟರೆ ಕಂಟ್ರೋಲ್ ಯೂನಿಟ್‌ಗೆ ಏರ್‌ಬ್ಯಾಗ್ ಇದ್ದಂತೆಯೇ ಕಾಣುತ್ತದೆ, ಸ್ಕ್ಯಾನರ್ ಕೂಡ ದೋಷ ತೋರಿಸುವುದಿಲ್ಲ. ಆದ್ದರಿಂದ ತಿಳಿದ ತಂತ್ರಜ್ಞರಿಂದ ಬ್ಯಾಟರಿಯ ನೆಗೆಟಿವ್ ಕಳಚಿಸಿ, ಹತ್ತು ನಿಮಿಷ ಬಿಟ್ಟು, ಸ್ಟೀರಿಂಗ್ ಪ್ಯಾಡ್ ಬಿಚ್ಚಿಸಿ ಕಣ್ಣಾರೆ ನೋಡಿ. ನೀವಾಗಿ ಕೈ ಹಾಕಬೇಡಿ, ಒಳಗಿರುವುದು ಸಿಡಿಮದ್ದು. ಬಿಚ್ಚಲು ಮಾರುವವರು ಒಪ್ಪದಿದ್ದರೆ ಅದನ್ನೇ ಉತ್ತರ ಎಂದುಕೊಳ್ಳಿ.

ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಬಿಡಿ, ಸರಾಗವಾಗಿ ಸುತ್ತಿಕೊಳ್ಳಬೇಕು. ಡಿಕ್ಕಿಯಲ್ಲಿ ಬೆಲ್ಟನ್ನು ತಟ್ಟನೆ ಬಿಗಿಯುವ ಪ್ರೀಟೆನ್ಷನರ್ ಸಿಡಿದಿದ್ದರೆ ಬೆಲ್ಟ್ ಸಿಕ್ಕಿಕೊಳ್ಳುತ್ತದೆ ಅಥವಾ ಬಕಲ್ ಕಾಂಡ ಕೆಳಗೆ ಕುಸಿದಿರುತ್ತದೆ. ಬೆಲ್ಟ್‌ನ ಚೀಟಿಯಲ್ಲಿ ತಯಾರಿಕಾ ದಿನಾಂಕವಿದ್ದರೆ ಕಾರಿನ ತಯಾರಿಕಾ ತಿಂಗಳ ಜೊತೆ ಹೋಲಿಸಿ. ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ಹೊಸದೋ, ಹಳೆಯದರ ಕ್ರ್ಯಾಶ್ ಡೇಟಾ ಅಳಿಸಿದ್ದೋ ಎಂದು ಕೇಳಿ, ಬಿಲ್ ನೋಡಿ.

ನೀರಲ್ಲಿ ಮುಳುಗಿದ ಗಾಡಿ

2015ರ ಡಿಸೆಂಬರ್ ಮತ್ತು 2023ರ ಡಿಸೆಂಬರ್‌ನಲ್ಲಿ ಚೆನ್ನೈ, 2018ರ ಆಗಸ್ಟ್‌ನಲ್ಲಿ ಕೇರಳ ಮತ್ತು ಕೊಡಗು, 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ನೆರೆ ಬಂತು. ಆ ತಿಂಗಳುಗಳ ಬೆನ್ನಿಗೇ ಮಾಲೀಕರು ಬದಲಾದ, ಅಥವಾ ಬೇರೆ ರಾಜ್ಯದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದ ಗಾಡಿಯನ್ನು ಎರಡು ಸಲ ನೋಡಿ.

ಕಾಲಿಡುವ ಜಾಗಕ್ಕಷ್ಟೇ ನೀರು ಬಂದಿದ್ದರೂ ನಿರಾಳರಾಗಬೇಡಿ, ಅನೇಕ ಕಾರುಗಳಲ್ಲಿ ಏರ್‌ಬ್ಯಾಗ್ ಯೂನಿಟ್ ಗೇರ್ ಲಿವರ್ ಬಳಿ ನೆಲಕ್ಕೇ ಕೂತಿರುತ್ತದೆ. ತಂತಿಯ ತುದಿಯಿಂದ ಒಳಹೊಕ್ಕ ನೀರು ಪ್ಲಾಸ್ಟಿಕ್ ಹೊದಿಕೆಯೊಳಗೇ ತಾಮ್ರದ ಎಳೆಗಳ ನಡುವೆ ಏರುತ್ತಾ ಹೋಗುತ್ತದೆ. ಕೊಂಡ ದಿನ ಎಲ್ಲ ಸರಿಯಿದ್ದು, ತಿಂಗಳುಗಳ ನಂತರ ಕಿಟಕಿ ಇಳಿಯದು, ಸೆಂಟ್ರಲ್ ಲಾಕ್ ತಾನಾಗಿ ಬೀಳುವುದು, ಚಲಿಸುವಾಗಲೇ ಎಂಜಿನ್ ನಿಲ್ಲುವುದು ಶುರುವಾಗುತ್ತದೆ. ಒಂದನ್ನು ಸರಿಮಾಡಿದರೆ ಇನ್ನೊಂದು. ಸೀಟಿನ ಮಟ್ಟ ಮುಳುಗಿದ ಗಾಡಿಯನ್ನು ಕೊಳ್ಳಲೇಬೇಡಿ. ಎಲೆಕ್ಟ್ರಿಕ್, ಹೈಬ್ರಿಡ್ ಗಾಡಿಯಾದರೆ ನೀರು ಎಷ್ಟು ಬಂದಿತ್ತೆಂದು ವಿಚಾರಿಸುವ ಗೋಜೂ ಬೇಡ, ಬಿಟ್ಟುಬಿಡಿ.

ಪತ್ತೆ ಮಾಡಲು ಬೆಲ್ಟನ್ನು ಕೊನೆತನಕ ಎಳೆದು ಕೆಸರಿನ ಗೆರೆ ಹುಡುಕಿ. ಸೀಟ್ ಹಳಿ, ಸೀಟಿನಡಿಯ ಸ್ಪ್ರಿಂಗ್, ಪೆಡಲ್ ಕಾಂಡಗಳಲ್ಲಿ ತುಕ್ಕು, ಫ್ಯೂಸ್ ಬಾಕ್ಸ್‌ನ ಪಿನ್‌ಗಳಲ್ಲಿ ಹಸಿರು ಕಿಲುಬು, ಕಾರ್ಪೆಟ್ ಅಡಿಯ ಫೋಮ್‌ನಲ್ಲಿ ಸಣ್ಣ ಮಣ್ಣು ಇವೆಯೇ ನೋಡಿ. ಬಾಗಿಲು ಮುಚ್ಚಿ ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿ ತೆರೆದರೆ ಸುಗಂಧದ ಡಬ್ಬಿ ಅಡಗಿಸಿದ್ದ ಮುಗ್ಗಲು ವಾಸನೆ ಹೊರಬರುತ್ತದೆ.

ಬೆಲೆ, ವಿಮೆ, ಬರಹ

ಮೇಲಿನದೆಲ್ಲ ದಾಟಿದ ಗಾಡಿಗೆ ಬೆಲೆ ಕಟ್ಟುವಾಗ ಅದೇ ವರ್ಷದ, ಅಷ್ಟೇ ಓಡಿದ ಪೆಟ್ಟಿಲ್ಲದ ಗಾಡಿಯ ದರದಿಂದ ಶುರುಮಾಡಿ. ಬಾಕಿಯಿರುವ ಕೆಲಸದ ಖರ್ಚು ಕಳೆಯಿರಿ. ಉಳಿದದ್ದರಲ್ಲಿ ಕನಿಷ್ಠ 30 ಶೇಕಡಾ ಇಳಿಯದಿದ್ದರೆ ಕೊಳ್ಳಬಾರದು ಎನ್ನುತ್ತೇವೆ. ನಾಳೆ ನೀವು ಮಾರುವಾಗಲೂ ಇದನ್ನೇ ಹೇಳಿ ಮಾರಬೇಕಲ್ಲವೇ? ಐದಾರು ವರ್ಷ ಇಟ್ಟುಕೊಳ್ಳುವವರಿಗೆ ಈ ಲೆಕ್ಕ ಕೂಡಿಬರುತ್ತದೆ, ಎರಡು ವರ್ಷಕ್ಕೆ ಬದಲಿಸುವವರಿಗೆ ಕೂಡಿಬರುವುದಿಲ್ಲ. ಬೇರೆ ರಾಜ್ಯದ ಗಾಡಿಯಾದರೆ ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಸೇರಿಸಿ ನೋಡಿ.

ಹಣ ಕೊಡುವ ಮುಂಚೆಯೇ ಎರಡು ವಿಮಾ ಕಂಪನಿಗಳನ್ನು ವಿಚಾರಿಸಿ, ಗಾಡಿ ಟೋಟಲ್ ಲಾಸ್ ಆಗಿದ್ದನ್ನು ತಿಳಿಸಿ, ಓನ್ ಡ್ಯಾಮೇಜ್ (ನಿಮ್ಮ ಗಾಡಿಗೇ ಆದ ಹಾನಿಯ ರಕ್ಷಣೆ) ಸಹಿತ ಪಾಲಿಸಿ ಕೊಡುತ್ತಾರೆಯೇ, ಐಡಿವಿ ಎಷ್ಟು ಎಂದು ಬರಹದಲ್ಲಿ ಪಡೆಯಿರಿ. ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ ಕ್ಲೇಮ್ ಬಂದಾಗ ಅದೇ ನಿಮ್ಮ ಕೊರಳಿಗೆ ಸುತ್ತಿಕೊಳ್ಳುತ್ತದೆ. ಹಳೆಯ ಪಾಲಿಸಿ ಚಾಲ್ತಿಯಲ್ಲಿದ್ದರೆ ವರ್ಗಾವಣೆಯಾದ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ.

ಕರಾರಿನಲ್ಲಿ ಯಾವ ತಿಂಗಳು ಟೋಟಲ್ ಲಾಸ್ ಆಯಿತು, ಯಾವ ಯಾವ ಭಾಗ ಬದಲಾಗಿದೆ, ಏರ್‌ಬ್ಯಾಗ್ ಹೊಸದಾಗಿ ಹಾಕಿದೆ ಎಂಬುದನ್ನು ಬರೆಸಿ ಸಹಿ ಹಾಕಿಸಿ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ, ಸಾಲವಿದ್ದಿದ್ದರೆ ಅದು ತೀರಿದ್ದಕ್ಕೆ ಫಾರಂ 35, ಬೇರೆ ರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ ಕೈಗೆ ಬಂದ ಮೇಲೆ ಪೂರ್ತಿ ಹಣ ಕೊಡಿ. ಗಾಡಿ ಮನೆಗೆ ಬಂದ ಮೇಲೆ ಬ್ರೇಕ್ ಆಯಿಲ್, ಕೂಲೆಂಟ್ ಬದಲಿಸಿ, 1000 ಕಿಲೋಮೀಟರ್ ಓಡಿಸಿದ ನಂತರ ಮತ್ತೊಮ್ಮೆ ಅಲೈನ್‌ಮೆಂಟ್ ಪ್ರಿಂಟ್ ತೆಗೆಸಿ ಮೊದಲಿನದರ ಜೊತೆ ಹೋಲಿಸಿ. ಅಂಕಿಗಳು ಸರಿದಿದ್ದರೆ ಬೆಸುಗೆ ಅಥವಾ ಸಬ್‌ಫ್ರೇಮ್ ಬೋಲ್ಟ್ ಎಲ್ಲೋ ಸಡಿಲಾಗುತ್ತಿದೆ, ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ನೋಡುವ ತನಕ ಹೆದ್ದಾರಿಗೆ ತೆಗೆಯಬೇಡಿ.