ತುಕ್ಕು ಹಿಡಿದ ಬ್ರೇಕ್ ಪೈಪ್: ಬದಲಾಯಿಸಬೇಕಾ, ಬೇಡ್ವಾ?

ಹಳೇ ಕಾರು ಇಟ್ಟುಕೊಂಡವರಿಗೆ ತುಕ್ಕು ಹೊಸದೇನಲ್ಲ. ನೋಡಿ ನೋಡಿ ಕಣ್ಣಿಗೆ ರೂಢಿಯಾಗಿರುತ್ತದೆ. ಹಿಂದಿನ ಚಕ್ರದ ಬ್ರೇಕ್ ಶೂ ನೋಡೋಣ ಅಂತ ನನ್ನ ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದಾಗ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲಿ ಹಾದು ಬ್ರೇಕ್ ಆಯಿಲನ್ನು ಚಕ್ರಕ್ಕೆ ಒಯ್ಯುವ ಉಕ್ಕಿನ ಬ್ರೇಕ್ ಪೈಪ್ ಕಂದು ಬಣ್ಣಕ್ಕೆ ತಿರುಗಿದ್ದು ಕಂಡಿತು. ಬ್ರೇಕ್ ಮಾತ್ರ ಚೆನ್ನಾಗೇ ಹಿಡಿಯುತ್ತಿತ್ತು. ಪೆಡಲ್ ಗಟ್ಟಿಯಾಗಿತ್ತು, ಆಯಿಲ್ ಮಟ್ಟ ಇಳಿದಿರಲಿಲ್ಲ. "ಬ್ರೇಕ್ ಹಿಡೀತಿದೆಯಲ್ಲ, ಸುಮ್ನೆ ಯಾಕೆ ಕೈ ಹಾಕ್ತೀಯ?" ಅಂದ ನನ್ನ ತಮ್ಮ.

ಈ ಪ್ರಶ್ನೆಗೆ ಉತ್ತರ ಬೇಕಾದರೆ ಒತ್ತಡದ ಲೆಕ್ಕ ನೋಡಬೇಕು. ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್. ಜೋರಾಗಿ ಬ್ರೇಕ್ ಒತ್ತಿದಾಗ ಈ ಸಣ್ಣ ಪೈಪಿನೊಳಗೆ 100 ಬಾರ್ ಆಸುಪಾಸಿನ ಒತ್ತಡ ಏಳುತ್ತದೆ. ಸಾಮಾನ್ಯವಾಗಿ ಬಳಸುವ ಪೈಪಿನ ಹೊರ ಅಳತೆ 4.75 ಮಿ.ಮೀ., ಗೋಡೆಯ ದಪ್ಪ ಸುಮಾರು 0.7 ಮಿ.ಮೀ. ಅಷ್ಟೇ. ದಿನಾ ಸಿಗ್ನಲ್‌ನಲ್ಲಿ ಮೆಲ್ಲಗೆ ನಿಲ್ಲಿಸುವಾಗ ಈ ಒತ್ತಡದ ಒಂದು ಪಾಲು ಮಾತ್ರ ಬೀಳುತ್ತದೆ. ಸವೆದ ಪೈಪ್ ಅದನ್ನು ತಿಂಗಳುಗಟ್ಟಲೆ ತಡೆದುಕೊಳ್ಳಬಹುದು. ಯಾರೋ ಅಡ್ಡ ಬಂದರು ಅಂತ ಶಕ್ತಿ ಹಾಕಿ ತುಳಿದಾಗಲೇ ಅದು ಒಡೆಯೋದು. ಅಂದರೆ ಬ್ರೇಕ್ ಜಾಸ್ತಿ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಪೆಡಲ್ ಚೆನ್ನಾಗಿದೆ ಅನ್ನೋದು ಪೈಪಿಗೆ ಸಾಕ್ಷಿ ಅಲ್ಲ.

ಒಂದು ಸಮಾಧಾನ ಇದೆ. ಈಗಿನ ಕಾರುಗಳಲ್ಲಿ ಬ್ರೇಕ್ ಎರಡು ಭಾಗವಾಗಿರುತ್ತದೆ. ಒಂದು ಪೈಪ್ ಒಡೆದರೆ ಇನ್ನೊಂದು ಭಾಗ ಉಳಿಯುತ್ತದೆ. ಆದರೆ ಪೆಡಲ್ ದಡಕ್ಕನೆ ಕೆಳಗಿಳಿಯುತ್ತದೆ, ಗಾಡಿ ನಿಲ್ಲೋಕೆ ತುಂಬಾ ದೂರ ಬೇಕಾಗುತ್ತದೆ. ಅದನ್ನು ನಂಬಿಕೊಂಡು ಓಡಿಸುವ ಧೈರ್ಯ ನನಗಿಲ್ಲ.

ಹಾಗಾಗಿ ಕಣ್ಣು ಮತ್ತು ಉಗುರಿನಿಂದಲೇ ತೀರ್ಮಾನ ಮಾಡಬೇಕು ಅಂತ ಕೂತೆ. ಬಯಲಾಗಿ ಕಾಣುವ ಭಾಗ ನೋಡಿ ಏನೂ ಹೇಳೋಕಾಗಲ್ಲ. ಪೈಪನ್ನು ಕಾರಿನ ತಳಕ್ಕೆ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಒಳಗೆ, ಹಿಂದಿನ ಆಕ್ಸಲ್ ಮೇಲೆ, ಟ್ಯಾಂಕ್ ಮೇಲ್ಭಾಗದಲ್ಲಿ, ಪೈಪ್ ಬಂದು ರಬ್ಬರ್ ಹೋಸ್ ಸೇರುವ ಜಾಗದಲ್ಲಿ ನೋಡಬೇಕು. ಮಣ್ಣು ಕೂತು ತೇವ ಆರದೇ ಉಳಿಯೋದು ಅಲ್ಲೇ. ನನ್ನ ಕಾರಿನಲ್ಲಿ ಬಯಲು ಭಾಗದ ತುಕ್ಕು ಬಟ್ಟೆಯಲ್ಲಿ ಒರೆಸಿದರೆ ಪುಡಿಯಾಗಿ ಬಂತು, ಕೆಳಗೆ ನಯವಾದ ಲೋಹ ಸಿಕ್ಕಿತು. ಅಷ್ಟೇ ಆಗಿದ್ದರೆ ಶುಚಿ ಮಾಡಿ, ತುಕ್ಕು ತಡೆಯುವ ಪೇಂಟ್ ಬಳಿದು ಬಿಡುತ್ತಿದ್ದೆ.

ಆಮೇಲೆ ಒಂದು ಕ್ಲಿಪ್ ಬಿಡಿಸಿದೆ. ಒಳಗಿನ ಪೈಪ್ ಅಕ್ಕಪಕ್ಕಕ್ಕಿಂತ ದಪ್ಪಗೆ ಕಾಣುತ್ತಿತ್ತು. ಇದು ಕಣ್ಣಿಗೆ ಮೋಸ ಮಾಡುವ ವಿಷಯ. ಉಕ್ಕು ತುಕ್ಕಾದಾಗ ಉಬ್ಬುತ್ತದೆ. ಹೊರಗೆ ದಪ್ಪ ಆದಷ್ಟೂ ಒಳಗಿನ ಲೋಹ ತೆಳುವಾಗಿದೆ ಅಂತ ಅರ್ಥ. ವೈರ್ ಬ್ರಷ್‌ನಿಂದ ಮೆಲ್ಲಗೆ ಎರಡು ಸಲ ಎಳೆದಿದ್ದಕ್ಕೇ ಈರುಳ್ಳಿ ಸಿಪ್ಪೆ ಥರ ಪದರ ಎದ್ದು ಬಂತು. ಕೆಳಗೆ ಸಣ್ಣ ಸಣ್ಣ ಗುಂಡಿಗಳು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ. ಅಲ್ಲಿಗೇ ಬ್ರಷ್ ಕೆಳಗಿಟ್ಟೆ. ಇನ್ನೂ ಉಜ್ಜಿದರೆ ಅಲ್ಲೇ ತೂತಾಗಬಹುದು. ಉಗುರಿಗೆ ಗುಂಡಿ ಸಿಕ್ಕಿದರೆ ಪೈಪ್ ಹೋಗಬೇಕು, ಇದು ನನ್ನ ಲೆಕ್ಕ. ಬೆರಳಿಗೆ ಜಾರುವಂಥ ತೇವ ಹತ್ತಿದರೆ ಲೆಕ್ಕವೂ ಬೇಡ, ಗಾಡಿ ರಸ್ತೆಗೆ ಇಳಿಸಲೇಬಾರದು.

ಇನ್ನು ಎಷ್ಟು ಬದಲಾಯಿಸೋದು? ಗ್ಯಾರೇಜಿನವರು ಒಬ್ಬರು "ಸಾರ್, ಹಾಳಾಗಿರೋ ತುಂಡು ಮಾತ್ರ ಕತ್ತರಿಸಿ ಮಧ್ಯೆ ಜಾಯಿಂಟ್ ಹಾಕಿಕೊಡ್ತೀನಿ" ಅಂದರು. ಅವರು ತೋರಿಸಿದ್ದು ನೀರಿನ ಕೊಳವೆಗೆ ಹಾಕುವಂಥ, ಒಳಗೆ ಬಳೆ ಇಟ್ಟು ಬಿಗಿಯುವ ಜಾಯಿಂಟ್. ಬ್ರೇಕಿಗೆ ಅದು ಆಗೋದೇ ಇಲ್ಲ, ಆ ಒತ್ತಡಕ್ಕೆ ಪೈಪ್ ಜಾರಿ ಹೊರಬರುತ್ತದೆ. ಎರಡೂ ತುದಿಗೆ ಸರಿಯಾದ ಫ್ಲೇರ್ ಮಾಡಿ, ಅಂದರೆ ಸೋರದಂತೆ ಕೂರಲು ಪೈಪಿನ ತುದಿಯನ್ನು ಅರಳಿಸಿ, ಎರಡನ್ನೂ ಜೋಡಿಸುವ ಯೂನಿಯನ್ ಹಾಕಿದರೆ ತಪ್ಪಿಲ್ಲ. ಆದರೆ ಒಂದೇ ವಯಸ್ಸಿನ ಪೈಪಿನಲ್ಲಿ ಒಂದು ಕ್ಲಿಪ್ ಹೀಗಿದ್ದರೆ ಕೈಗೆ ಸಿಗದ ಮಿಕ್ಕವು ಹೇಗಿರಬಹುದು? ಹಿಂದಕ್ಕೆ ಹೋಗುವ ಎರಡೂ ಪೈಪನ್ನು ಪೂರ್ತಿ ತೆಗೆಯೋದು ಅಂತ ತೀರ್ಮಾನಿಸಿದೆ. ಮುಂದಿನವು ಚಿಕ್ಕವು, ಕ್ಲಿಪ್ ಬಿಚ್ಚಿ ನೋಡಿದರೆ ನಯವಾಗೇ ಇದ್ದವು. ಅವನ್ನು ಮುಟ್ಟಲಿಲ್ಲ. ಚೆನ್ನಾಗಿರೋ ನಟ್ಟನ್ನು ಸುಮ್ನೆ ಬಿಚ್ಚಿ ಮುರಿದುಕೊಳ್ಳೋದೂ ಜಾಣತನ ಅಲ್ಲ.

ಹೊಸ ಪೈಪಿಗೆ ತಾಮ್ರ-ನಿಕಲ್ ಮಿಶ್ರಲೋಹದ್ದನ್ನು ತಗೊಂಡೆ. ಸುಮಾರು 90 ಪಾಲು ತಾಮ್ರ, 10 ಪಾಲು ನಿಕಲ್. ಉಕ್ಕಿನ ಥರ ತುಕ್ಕು ಹಿಡಿಯಲ್ಲ, ಕೈಯಲ್ಲೇ ಬಗ್ಗುತ್ತದೆ, ಫ್ಲೇರ್ ಚೆನ್ನಾಗಿ ಕೂರುತ್ತದೆ. ಬರೀ ತಾಮ್ರದ ಪೈಪ್ ಬೇಡ. ಅಲುಗಾಟಕ್ಕೆ ಅದು ಗಡುಸಾಗಿ ಬಿರುಕು ಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬಾಳಿಕೆ ಬರುತ್ತದೆ ನಿಜ, ಆದರೆ ಮನೆಯ ಉಪಕರಣದಲ್ಲಿ ಅದಕ್ಕೆ ಫ್ಲೇರ್ ಮಾಡೋದು ದೊಡ್ಡ ತಲೆನೋವು.

ಬಿಚ್ಚೋದೇ ನಿಜವಾದ ಕೆಲಸ. ಹಿಂದಿನ ದಿನವೇ ಎಲ್ಲ ನಟ್ಟಿಗೂ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿಟ್ಟೆ. ಮಾಮೂಲಿ ಓಪನ್ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ನಟ್ಟನ್ನು ಹೆಚ್ಚೂಕಡಿಮೆ ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬೇಕೇ ಬೇಕು. ಹಿಂದಿನ ಎಡ ಚಕ್ರದ ನಟ್ ಅದಕ್ಕೂ ಜಗ್ಗಲಿಲ್ಲ. ಹೇಗೂ ಬಿಸಾಡುವ ಪೈಪ್ ಅಲ್ವಾ, ನಟ್ಟಿನ ಬುಡಕ್ಕೇ ಕತ್ತರಿಸಿ, ಆರು ಮೂಲೆಯ ಸಾಕೆಟ್ ಕೂರಿಸಿ ತಿರುಗಿಸಿದೆ. ಬಂತು. ಪೈಪ್ ಉಳಿಸಿಕೊಳ್ಳುವ ಆಸೆ ಇದ್ದರೆ ಈ ದಾರಿ ಸಿಗಲ್ಲ.

ಫ್ಲೇರ್ ವಿಷಯದಲ್ಲಿ ಅವಸರ ಬೇಡ. ಮುಖ್ಯವಾಗಿ ಎರಡು ಬಗೆ ಇದೆ. ತುದಿಯನ್ನು ಒಳಕ್ಕೆ ಮಡಿಸಿ ಕೊಳವೆ ಬಾಯಿಯಂತೆ ಅರಳಿಸುವ ಡಬಲ್ ಫ್ಲೇರ್ ಒಂದು, ಗುಳ್ಳೆಯಂತೆ ಉಬ್ಬಿಸುವ ಬಬಲ್ ಫ್ಲೇರ್ ಇನ್ನೊಂದು. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ, ಎಷ್ಟೇ ಬಿಗಿದರೂ ಸೋರುತ್ತದೆ. ಹಳೇ ಪೈಪಿನ ತುದಿ ನೋಡಿಯೇ ಮಾಡಬೇಕು. ಹ್ಯಾಕ್ಸಾ ಬೇಡ, ಪೈಪ್ ಕಟರ್‌ನಲ್ಲಿ ಕತ್ತರಿಸಿ ಒಳಗಿನ ಚೂರು ತೆಗೆದು ಊದಬೇಕು. ಮತ್ತೆ, ಫ್ಲೇರ್ ಮಾಡುವ ಮುಂಚೆ ನಟ್ಟನ್ನು ಪೈಪಿಗೆ ಪೋಣಿಸಿದ್ದೀರಾ ಅಂತ ನೋಡಿ. ಆಮೇಲೆ ಸೇರಲ್ಲ! ಉಪಕರಣ ಕೈಗೆ ಹತ್ತೋವರೆಗೂ ಬೇಡದ ತುಂಡಿನ ಮೇಲೆ ಅಭ್ಯಾಸ ಮಾಡಿದೆ. ಈ ಕೆಲಸ ಒಗ್ಗಲ್ಲ ಅನ್ನಿಸಿದರೆ, ತುದಿ ಸಿದ್ಧ ಮಾಡಿರುವ ಪೈಪ್ ತರೋದೇ ವಾಸಿ.

ದಾರಿ ಮಾತ್ರ ಹಳೇ ಪೈಪಿನದ್ದೇ. ಸೈಲೆನ್ಸರ್‌ನಿಂದ ದೂರ, ಆಡುವ ಭಾಗಗಳಿಗೆ ತಾಗದ ಹಾಗೆ, ಒಂದು ಕ್ಲಿಪ್ಪೂ ಬಿಡದೆ ಕೂರಿಸಿದೆ.

ಪೈಪ್ ಬಿಚ್ಚಿದಾಗ ಒಳಗೆ ಹೊಕ್ಕ ಏರ್ ತೆಗೆಯುವಾಗ ತಮ್ಮನನ್ನೇ ಪೆಡಲ್ ಮೇಲೆ ಕೂರಿಸಿದೆ. "ಒತ್ತು... ಹಿಡ್ಕೋ... ಬಿಡು." ಚಕ್ರದ ಬಳಿ ಗಾಳಿ ಹೊರಬಿಡುವ ನಿಪ್ಪಲ್ ಬಿಗಿಯುವ ಮುಂಚೆ ಅವನು ಪೆಡಲ್ ಬಿಡೋ ಹಾಗಿಲ್ಲ, ಬಿಟ್ಟರೆ ಗಾಳಿ ವಾಪಸ್ ಒಳಗೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟಿದ್ದೆ. ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಹಳೇ ಮಾಸ್ಟರ್ ಸಿಲಿಂಡರಿನ ತುದಿಭಾಗ ದಿನದ ಓಡಾಟದಲ್ಲಿ ಬಳಕೆಯಾಗಲ್ಲ, ಅಲ್ಲಿ ಕೊಳೆ ಕೂತಿರುತ್ತದೆ. ನೆಲದವರೆಗೂ ತುಳಿದರೆ ರಬ್ಬರ್ ಸೀಲ್ ಹರಿಯಬಹುದು. ಆಯಿಲ್ ಡಬ್ಬಿ ಖಾಲಿಯಾಗೋಕೆ ಬಿಡಲಿಲ್ಲ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಂತೂ ಗಾಳಿ ಅದರೊಳಗೆ ಹೊಕ್ಕರೆ ಕೆಲವಕ್ಕೆ ಗ್ಯಾರೇಜಿನ ಸ್ಕ್ಯಾನರ್ ಯಂತ್ರ ಇಲ್ಲದೆ ತೆಗೆಯೋಕಾಗಲ್ಲ. ಹಾಕಿದ್ದು ಮುಚ್ಚಳದ ಮೇಲೆ ಬರೆದಿದ್ದ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್. ಅದೂ ಹೊಸ ಡಬ್ಬಿ ಒಡೆದು. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಇರಬೇಕಾದ ಕುದಿಬಿಂದು, ತೇವ ಹೀರಿದ ಮೇಲೆ 155ರವರೆಗೂ ಇಳಿಯಬಹುದು. ಪೇಂಟ್ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ, ಕೂಡಲೇ ನೀರು ಸುರಿಯಬೇಕು.

ಕೊನೆಗೆ ಇಂಜಿನ್ ಆನ್ ಮಾಡಿ, ತಮ್ಮನಿಗೆ ಬಲವಾಗಿ ಒತ್ತಿ ಹಿಡಿಯೋಕೆ ಹೇಳಿ, ಒಂದೊಂದು ಜಾಯಿಂಟಿಗೂ ಒಣ ಕಾಗದ ತಾಗಿಸಿ ನೋಡಿದೆ. ಎಡ ಚಕ್ರದ ಹತ್ತಿರ ಕಾಗದ ಸ್ವಲ್ಪ ಒದ್ದೆಯಾಯಿತು. ಪೆಡಲ್ ಬಿಡಿಸಿ ನಟ್ ಇನ್ನೊಂಚೂರು ಬಿಗಿದು, ಒರೆಸಿ ಮತ್ತೆ ಒತ್ತಿಸಿದೆ, ಒಣಗಿಯೇ ಇತ್ತು. ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ, ಬರಬರುತ್ತಾ ಜೋರಾಗಿ ಬ್ರೇಕ್ ಹಾಕಿ ನೋಡಿದೆ. ಒಂದು ವಾರ ಬಿಟ್ಟು ಮತ್ತೆ ಕೆಳಗೆ ಮಲಗಿ ಅದೇ ಕಾಗದದ ಪರೀಕ್ಷೆ ಮಾಡಿದೆ. ಮುಂದಿನ ಪೈಪಿನ ಕ್ಲಿಪ್ಪುಗಳನ್ನು ಈಗ ಟೈರ್ ಬಿಚ್ಚಿದಾಗಲೆಲ್ಲ ತೆಗೆದು ನೋಡುತ್ತೇನೆ.